ಬಿದ್ದ ತಗಡು

ಕೂದಲಪ್ಪನ ತಲೆಯ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ಆ ಹೆಸರು ಬಂದದ್ದು ತಲೆಯಿಂದಲ್ಲ, ಕೈಯಿಂದ. ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಹತ್ತಿರ ಹತ್ತಿರ ಮೂವತ್ತು ವರ್ಷ ಸುತ್ತಿದವನು ಅವನು. ಸುತ್ತಿ ಸುತ್ತಿ ಏನು ಮಾಡುತ್ತಿದ್ದ ಅಂತೀರಾ? ಬೆಂಕಿಪೊಟ್ಟಣದ ಅರ್ಧದಷ್ಟಿರುವ ಟ್ರಾನ್ಸ್‌ಫಾರ್ಮರು. ಬೀದಿಯ ಕಂಬದ ಮೇಲೆ ಕೂತು ಗುಂಯ್‌ಗುಡುವ ಆ ದೈತ್ಯನ ಮರಿಮೊಮ್ಮಗ ಅಂದುಕೊಳ್ಳಿ. ಇದು ಹೋಗಿ ಕೂರುವುದು ರಿಬ್ಬನ್ ಮೈಕಿನ ಹೊಟ್ಟೆಯೊಳಗೆ. ಆ ಮೈಕಿನಲ್ಲಿ ಎರಡು ಅಯಸ್ಕಾಂತಗಳ ನಡುವೆ ಅಲ್ಯೂಮಿನಿಯಮ್ಮಿನ ಒಂದು ಪಟ್ಟಿ ನೇತಾಡುತ್ತಿರುತ್ತದೆ. ಜೋರಾಗಿ ಊದಿದರೆ ಹಾಳಾಗುವಷ್ಟು ತೆಳು. ಯಾರಾದರೂ ಮಾತಾಡಿದಾಗ ಅದು ಅಲುಗಿ ಹುಟ್ಟಿಸುವ ವಿದ್ಯುತ್ತು ಇದೆಯೋ ಇಲ್ಲವೋ ಅನ್ನುವಷ್ಟೇ. ಅದನ್ನು ಮೂವತ್ತಾರು ಪಟ್ಟು ಹೆಚ್ಚಿಸಿ ಹೊರಗೆ ಕಳಿಸುವುದು ಈ ಪುಟಾಣಿಯ ಕೆಲಸ. ಒಳಗೆ ದಪ್ಪ ತಂತಿ, ಇಪ್ಪತ್ತೈದು ಸುತ್ತು. ಅದರ ಮೇಲೆ ಕೂದಲು ತಂತಿ, ಒಂಬೈನೂರು ಸುತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಈ ಕೆಲಸದಲ್ಲಿ ಕಣ್ಣನ್ನು ನಂಬಿ ಕೂತರೆ ಕೆಟ್ಟಿರಿ. ಎಡಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ತಂತಿ ಹಾಯುತ್ತದೆ. ಬಲಗೈ ಮೆಲ್ಲಗೆ ಹಿಡಿಕೆ ತಿರುಗಿಸುತ್ತದೆ, ಬಾಬಿನ್ನು ತಿರುಗುತ್ತದೆ, ಪಕ್ಕದಲ್ಲಿ ಎಣಿಕೆಯ ಚಕ್ರ ಟಕ್ ಟಕ್ ಅನ್ನುತ್ತದೆ. ತಂತಿ ಬಿಗಿಯಾದರೆ ಎಳೆದುಕೊಂಡು ತುಂಡಾಗುತ್ತದೆ, ಸಡಿಲವಾದರೆ ಸುತ್ತು ಉಬ್ಬಿ ಗೋಜಲಾಗುತ್ತದೆ. ಎರಡರ ನಡುವಿನ ಹದ ತೋರುಬೆರಳ ತುದಿಗೆ ಮಾತ್ರ ಗೊತ್ತು. ಏಳುನೂರನೆಯ ಸುತ್ತಿನಲ್ಲಿ ಒಂದು ಸೀನು ಬಂತೋ, ಮುಗೀತು ಕಥೆ, ಮತ್ತೆ ಒಂದರಿಂದ ಶುರು. ಅದಕ್ಕೇ ನೆಗಡಿಯಾದ ದಿನ ಕೂದಲಪ್ಪ ರಜೆ ಹಾಕುತ್ತಿದ್ದ. ನೆಗಡಿಗೂ ರಜೆ ಹಾಕುವ ಮಹಾರಾಜ ಎಂದು ನೆರೆಯವರು ನಕ್ಕರೆ ನಗಲಿ ಬಿಡಿ ಎಂದು ಸುಮ್ಮನಿರುತ್ತಿದ್ದ.

ಅವನ ಒಬ್ಬಳೇ ಮಗಳು ಆ ಬೆರಳನ್ನು ಪಡೆದೇ ಹುಟ್ಟಿದ್ದಳು. ವಯಸ್ಸು ಇಪ್ಪತ್ತಾರಾದರೂ ಅವನಿಗೆ ಪುಟ್ಟಿಯೇ. ಏಳು ವರ್ಷದಿಂದ ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತು ಕೆಲಸ ಕಲಿತು ಅಪ್ಪನನ್ನು ಮೀರಿಸಿದ್ದಳು. ಮನೆಯಲ್ಲಿ ಅವಳು ಪಾತ್ರೆ ತಿಕ್ಕಲು ಹೋದರೆ ಅಮ್ಮ ನಾರನ್ನು ಕಿತ್ತುಕೊಳ್ಳುತ್ತಿದ್ದಳು. "ಏಳೇ ಆಚೆ. ನಿನ್ನ ಬೆರಳು ಒರಟಾದ್ರೆ ನಿಮ್ಮಪ್ಪ ನನ್ನ ಜೀವ ತಿಂತಾರೆ." ಹೀಗೆ ಆ ಮನೆಯಲ್ಲಿ ಒಂದು ಬೆರಳನ್ನು ಮೂರು ಜನ ಸೇರಿ ಸಾಕುತ್ತಿದ್ದರು.

ಆದರೆ ಅವಳು ಸುತ್ತಿದ ಮಾಲಿನ ಮೇಲೆಲ್ಲ ಇದ್ದದ್ದು ಅಪ್ಪನ ಗುರುತು. ಪ್ರತಿ ಟ್ರಾನ್ಸ್‌ಫಾರ್ಮರಿಗೂ ಸುತ್ತಿದವರ ಗುರುತಿನ ಚೀಟಿಯೊಂದನ್ನು ಅಂಟಿಸುವುದು ಅಪ್ಪ ಮಗಳು ದುಡಿಯುವ ಆ ಮೈಕಿನ ಕಾರ್ಖಾನೆಯ ಕ್ರಮ. ಕೂದಲಪ್ಪನ ಗುರುತು ಒಂದು ಸೊನ್ನೆ. ಕೂದಲು ತಂತಿಯನ್ನೆಲ್ಲ ಮಗಳೇ ಸುತ್ತತೊಡಗಿ ಎರಡು ವರ್ಷ ಕಳೆದಿದ್ದರೂ ಸೊನ್ನೆಯೇ ಹೋಗುತ್ತಿತ್ತು. ಮೈಕಿನಮ್ಮ ಕುರುಡರೇನಲ್ಲ. ಕೆಳಗಿನ ಕೋಣೆಯಲ್ಲಿ ಕೂತು ಒಂದೊಂದೇ ಮೈಕನ್ನು ಕೈಯಾರೆ ಜೋಡಿಸುವ ಒಡತಿ ಅವರು. ಎಲ್ಲರ ಬಾಯಲ್ಲೂ ಮೈಕಿನಮ್ಮ. ಅವರೇ ಒಂದು ದಿನ ಮೆಟ್ಟಿಲು ಹತ್ತಿ ಬಂದು ಹೇಳಿದರು. "ಮುಂದಿನ ಹನ್ನೆರಡು ನಿನ್ನದು ಕಣಮ್ಮ. ನಿನ್ನ ಗುರುತನ್ನೇ ಅಂಟಿಸು. ಅದು ಪಾಸಾದ್ರೆ ಕಿಟಕಿ ಪಕ್ಕದ ಜಾಗ ಕಾಯಂ ನಿನಗೆ."

ಅಂದು ಸಂಜೆಯೆಲ್ಲ ಮಗಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಬರೆದು ಬರೆದು ನೋಡಿದಳು. ಕೊನೆಗೆ ಎರಡು ಅಡ್ಡಗೆರೆಗೆ ಬಂದು ನಿಂತಳು. ಕೂದಲಪ್ಪ ಅಷ್ಟು ಸಂತೋಷಪಟ್ಟಿದ್ದನ್ನು ಹೆಂಡತಿ ಮದುವೆಯ ದಿನವೂ ನೋಡಿರಲಿಲ್ಲವಂತೆ. ಹಾಗೆಂದು ಅವಳೇ ಮುಖ ಊದಿಸಿಕೊಂಡು ಹೇಳಿದಳು.

ಈಗ ತಗಡಿನ ವಿಷಯ. ಸುತ್ತಿದ ಬಾಬಿನ್ನಿನೊಳಗೆ ತೆಳುವಾದ ನಿಕ್ಕಲ್ ತಗಡುಗಳನ್ನು ತೂರಿಸಬೇಕು. ಮೂರು ಹಲ್ಲಿನ ಬಾಚಣಿಗೆಯ ಆಕಾರದವು, ಒಂದು ಕಟ್ಟಿಗೆ ಮೂವತ್ತು. ಕುಲುಮೆಯಲ್ಲಿ ಹದವಾಗಿ ಕಾಯಿಸಿ ಗಂಟೆಗಟ್ಟಲೆ ತಣಿಸಿದ ಲೋಹ ಅದು, ಮಹಾ ಸೂಕ್ಷ್ಮ. ಬಗ್ಗಿಸುವಂತಿಲ್ಲ, ಬಡಿಯುವಂತಿಲ್ಲ, ಬೀಳಿಸುವಂತಿಲ್ಲ. ಬಿದ್ದರೆ ಮೇಲೆ ಒಂದು ಗೀರೂ ಕಾಣುವುದಿಲ್ಲ, ಒಳಗಿನ ಗುಣ ಮಾತ್ರ ಹೊರಟುಹೋಗುತ್ತದೆ. ಆಮೇಲೆ ಅದನ್ನು ಹಾಕಿದ ಮೈಕಿನಲ್ಲಿ ದನಿಯ ಬುಡವೇ ಇರುವುದಿಲ್ಲ; ಗಂಡಸು ಮಾತಾಡಿದರೂ ತಗಡಿನ ಡಬ್ಬದಿಂದ ಮಾತಾಡಿದಂತೆ ಕೇಳುತ್ತದೆ. ಅದಕ್ಕೇ ಅಲ್ಲೊಂದು ನಿಯಮ. ಬಿದ್ದ ತಗಡು ಕಸಕ್ಕೆ. ಬೀಳಿಸಿದವರಿಗೆ ಬೈಗುಳವಿಲ್ಲ, ಮುಚ್ಚಿಟ್ಟವರಿಗೆ ಜಾಗವಿಲ್ಲ. ಮಗಳು ಕೆಲಸಕ್ಕೆ ಸೇರಿದ ಮೊದಲ ದಿನವೇ ಇದನ್ನು ಕಲಿಸಿದವನು ಕೂದಲಪ್ಪ.

ಆ ಹನ್ನೆರಡಕ್ಕೆ ಬೇಕಾದ ತಗಡು ಬರಲು ಐದು ತಿಂಗಳು ಹಿಡಿದಿತ್ತು. ಬಂದ ಮಾರನೆಯ ಬೆಳಿಗ್ಗೆ ಮಗಳು ಹೊಸ ತಂತಿಯ ರೀಲು ತರಲು ಕೆಳಗೆ ಹೋಗಿದ್ದಳು. ಕೂದಲಪ್ಪ ಹನ್ನೆರಡು ಕಟ್ಟು ಜೋಡಿಸಿಟ್ಟ ತಟ್ಟೆಯನ್ನು ಅಟ್ಟಣಿಗೆಯಿಂದ ಇಳಿಸಿ ಅವಳ ಮೇಜಿನ ಮೇಲಿಡಲು ಹೋದ. ಎರಡು ವರ್ಷದಿಂದ ಅವನ ಬಲಗೈ ಆಗಾಗ ನಡುಗುತ್ತಿತ್ತು. ಕಾಫಿ ಹೆಚ್ಚಾಯಿತು ಎಂದು ಒಂದು ದಿನ, ನಿದ್ದೆ ಸಾಲದು ಎಂದು ಇನ್ನೊಂದು ದಿನ ತನಗೆ ತಾನೇ ಸಬೂಬು ಹೇಳಿಕೊಳ್ಳುತ್ತಿದ್ದ. ಆ ಕೈ ಆಗಲೇ ನಡುಗಬೇಕೇ! ತಟ್ಟೆ ವಾಲಿತು. ಹನ್ನೆರಡಕ್ಕೆ ಹನ್ನೆರಡೂ ಸಿಮೆಂಟು ನೆಲಕ್ಕೆ ಜಾರಿ, ಕಟ್ಟು ಬಿಚ್ಚಿ, ಝಲ್ಲನೆ ಹರಡಿದವು.

ಆಗಲೇ ಅವನು ಕೂಗಿ ಹೇಳಬೇಕಿತ್ತು, "ಅಮ್ಮಾವ್ರೇ, ಬಿತ್ತು" ಎಂದು. ಎರಡೇ ಮಾತು. ಮೂವತ್ತೊಂದು ವರ್ಷದಲ್ಲಿ ಬೇರೆಯವರು ಎಷ್ಟೋ ಸಲ ಬೀಳಿಸಿ ಹಾಗೆ ಕೂಗಿದ್ದುಂಟು. ಅವನು ಮಾತ್ರ ಒಮ್ಮೆಯೂ ಬೀಳಿಸಿದವನಲ್ಲ, ಅದೇ ಅವನ ಹೆಮ್ಮೆ. ಈಗ ಕೂಗಿದರೆ ಕೈ ನಡುಗುವುದು ಬಯಲಾಗುತ್ತದೆ, ಮನೆಯಲ್ಲಿ ಕೂರು ಅನ್ನುತ್ತಾರೆ. ಜೊತೆಗೆ ಮಗಳ ಹನ್ನೆರಡು ಮತ್ತೆ ಐದು ತಿಂಗಳು ಮುಂದಕ್ಕೆ ಹೋಗುತ್ತದೆ. ಮನಸ್ಸು ಎಂಥ ವಕೀಲ ನೋಡಿ: ಭಯ ತನ್ನದು, ನೆಪ ಮಗಳದು. ಸೊಂಟದೆತ್ತರದಿಂದ ಬಿದ್ದದ್ದು ತಾನೇ, ಏನಾದೀತು ಎಂದುಕೊಂಡ. ಮಂಡಿಯೂರಿ ಒಂದೊಂದೇ ತಗಡನ್ನು ಹೆಕ್ಕಿ, ಊದಿ, ಒರೆಸಿ, ಮೂವತ್ತು ಮೂವತ್ತರ ಕಟ್ಟು ಮಾಡಿ ತಟ್ಟೆಯಲ್ಲಿಟ್ಟ. ಮಗಳು ಬರುವಷ್ಟರಲ್ಲಿ ತನ್ನ ಜಾಗದಲ್ಲಿ ಕೂತು ದಪ್ಪ ತಂತಿ ಸುತ್ತುತ್ತಿದ್ದ.

ಹನ್ನೊಂದು ದಿನದಲ್ಲಿ ಅವಳು ಹನ್ನೆರಡು ಸುತ್ತಿದಳು. ಆ ಹನ್ನೊಂದು ದಿನ ಕೂದಲಪ್ಪನಿಗೆ ಗಂಟಲಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಎರಡನೆಯ ದಿನ ಬಾಯಿ ತೆರೆದ, ಅವಳು ನಾನೂರನೆಯ ಸುತ್ತಿನಲ್ಲಿದ್ದಳು, ಕೆಡಿಸಬಾರದು ಎಂದು ಮುಚ್ಚಿಕೊಂಡ. ಐದನೆಯ ದಿನ ಊಟದ ಡಬ್ಬಿ ಬಿಚ್ಚುವಾಗ "ಪುಟ್ಟಿ" ಎಂದ. ಅವಳು ತಲೆಯೆತ್ತಿ, "ಏನಪ್ಪ? ಹೇಳು," ಎಂದು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕಾದಳು. "ಉಪ್ಪು ಕಡಿಮೆಯಾಗಿದೆ ಅಲ್ವಾ," ಅಂದುಬಿಟ್ಟ. ಅವಳು ತಗಡು ತೂರಿಸುವ ರೀತಿ ನೋಡಿದರೆ ಅವನಿಗೆ ಅಳು ಬರುತ್ತಿತ್ತು. ಕೊನೆಯ ಒಂದೆರಡು ತಗಡು ಯಾವಾಗಲೂ ಬಿಗಿ. ಅವಸರದವರು ಸುತ್ತಿಗೆಯ ಹಿಡಿಯಿಂದ ಕುಟ್ಟಿ ತುರುಕುತ್ತಾರೆ. ಅವಳು ಕುಟ್ಟುವವಳಲ್ಲ. ಬಿಚ್ಚಿ, ಮತ್ತೆ ಜೋಡಿಸಿ, ಕೊನೆಯದು ತಾನಾಗಿ ಜಾರಿ ಒಳಗೆ ಹೋಗುವವರೆಗೂ ತಾಳ್ಮೆಯಿಂದ ಕೂರುವವಳು. ಹನ್ನೆರಡನೆಯದಕ್ಕೆ ಎರಡು ಗೆರೆಯ ಚೀಟಿ ಅಂಟಿಸಿ ಅವಳೇ ತಟ್ಟೆಯನ್ನು ಕೆಳಗೆ ಕೊಂಡೊಯ್ದಳು.

ಮರುದಿನ ಮಧ್ಯಾಹ್ನ ಮೈಕಿನಮ್ಮ ಇಬ್ಬರನ್ನೂ ಕೆಳಗೆ ಕರೆದರು. ಮೇಜಿನ ಮೇಲೆ ಮೂರು ಮೈಕುಗಳ ಹೊಟ್ಟೆ ಬಿಚ್ಚಿತ್ತು. ಹೆಡ್‌ಫೋನನ್ನು ಕೂದಲಪ್ಪನ ಕಿವಿಗಿಟ್ಟು ಮೈಕಿನ ಮುಂದೆ ಎರಡು ಮಾತಾಡಿದರು. ಅವರದು ಗಡಸು ದನಿ. ಅವನಿಗೆ ಕೇಳಿಸಿದ್ದು ಮಾತ್ರ ಕೀಚಲು.

"ಹನ್ನೆರಡೂ ಹೀಗೇ," ಎಂದರು ಮೈಕಿನಮ್ಮ. "ಒಂದನ್ನ ಬಿಚ್ಚಿ ಸುತ್ತು ಎಣಿಸ್ದೆ. ಒಂಬೈನೂರಕ್ಕೆ ಒಂಬೈನೂರು ಸರಿಯಿದೆ, ಇಂಥ ಸುತ್ತು ನಾನು ನೋಡೇ ಇಲ್ಲ. ಕೆಟ್ಟಿರೋದು ತಗಡು. ಏನಮ್ಮ, ಅವಸರಕ್ಕೆ ಬಿದ್ದು ಕುಟ್ಟಿ ತುರುಕಿದ್ಯಾ?"

"ಇಲ್ಲ," ಎಂದಳು ಮಗಳು.

"ಹನ್ನೆರಡಕ್ಕೆ ಹನ್ನೆರಡು ಅದರಷ್ಟಕ್ಕೇ ಕೆಡುತ್ತಾ?" ಅವರು ಕೂದಲಪ್ಪನ ಕಡೆ ತಿರುಗಿದರು. "ನೀವು ಹೇಳಿ. ತಗಡು ಎಲ್ಲಾದ್ರೂ ಬಿತ್ತಾ?"

ಎರಡೇ ಅಕ್ಷರ ಸಾಕಿತ್ತು. ಹೌದು. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ," ಎಂದ ಕೂದಲಪ್ಪ.

"ಅವಳು ಕುಟ್ಟಿದ್ದು ನೋಡಿದ್ರಾ?"

"ನಾನು... ನೋಡಿಲ್ಲ. ನನ್ನ ಪಾಡಿಗೆ ನನ್ನ ಕೆಲಸದಲ್ಲಿದ್ದೆ."

ಅಡ್ಡಗೋಡೆಯ ಮೇಲೆ ದೀಪ ಇಡುವುದು ಅಂದರೆ ಇದೇ. ಅವಳು ಕುಟ್ಟುವವಳೇ ಅಲ್ಲ ಎಂದು ಎದೆ ಮುಟ್ಟಿ ಹೇಳಬೇಕಾದ ಅಪ್ಪ ನೋಡಿಲ್ಲ ಅಂದ. ಅಪ್ಪನೇ ಹಾಗಂದ ಮೇಲೆ ಇನ್ನು ಕೇಳುವುದೇನಿದೆ? ಮೈಕಿನಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪು ಎಲ್ಲರೂ ಮಾಡ್ತಾರೆ ಕಣಮ್ಮ. ಮುಚ್ಚಿಡೋರನ್ನ ಮಾತ್ರ ನಾನು ಇಟ್ಕೊಳ್ಳಲ್ಲ," ಎಂದರು. ಮಗಳು ಮೇಲೆ ಹೋಗಿ, ಚೀಲಕ್ಕೆ ಊಟದ ಡಬ್ಬಿ ಹಾಕಿಕೊಂಡು, ಮೆಟ್ಟಿಲಿಳಿದು ಹೊರಟುಹೋದಳು.

ಮನೆಯಲ್ಲಿ ಅವನ ಹೆಂಡತಿ ಬೆಂಕಿಯಾದಳು. "ರೀ, ನನ್ನ ಮಗಳು ಕುಟ್ಟೋಳಲ್ಲ ಅನ್ನೋಕೆ ನಿಮಗೇನು ಬಾಯಿ ಬಿದ್ದೋಗಿತ್ತಾ? ನೀವು ಪಕ್ಕದಲ್ಲೇ ಕೂತಿದ್ರಿ ತಾನೇ?" "ನಾನೇನು ಮಾಡ್ಲೇ, ನಾನೇನು ಕೆಡಿಸಿದ್ನಾ!" ಎಂದು ಅವನು ಹಾರಿಬಿದ್ದ. "ನೀವು ಕೆಡಿಸಿದ್ರಿ ಅಂತ ಯಾರ್ರೀ ಅಂದ್ರು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಆಡ್ತೀರಲ್ಲ," ಎಂದಳು ಅವಳು, ಸಿಟ್ಟಿನಲ್ಲಿ, ಅರ್ಥ ಗೊತ್ತಿಲ್ಲದೆಯೇ. ಮಗಳು ಒಳಗಿನಿಂದ, "ಬಿಡಮ್ಮ, ಆಗಿದ್ದಾಯ್ತು," ಎಂದಳು.

ಹದಿನೈದು ದಿನ ಅವಳು ಮೈಕು ರಿಪೇರಿಯ ಎಲ್ಲ ಬಾಗಿಲು ತಟ್ಟಿದಳು. ಈ ಕೆಲಸ ಮಾಡುವವರು ಎಷ್ಟು ಜನ, ಬೆರಳೆಣಿಕೆ. ಮೈಕಿನಮ್ಮ ಕೆಲಸದಿಂದ ಕಿತ್ತುಹಾಕಿದವಳು ಎನ್ನುವ ಸುದ್ದಿ ಅವಳಿಗಿಂತ ಮೊದಲೇ ತಲುಪಿರುತ್ತಿತ್ತು. ಕೊನೆಗೆ ಎರಡು ಬೀದಿ ಆಚೆ, ನೀರೆತ್ತುವ ಪಂಪಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಸೇರಿದಳು. ಅಲ್ಲಿಯದು ಬೆಂಕಿಕಡ್ಡಿ ದಪ್ಪದ ತಂತಿ. ಮೋಟಾರಿನ ಉಕ್ಕಿನ ಸಂದುಗಳೊಳಗೆ ಅದನ್ನು ಬೆರಳಲ್ಲಿ ಒತ್ತಿ ಒತ್ತಿ ತುಂಬಬೇಕು, ಆಮೇಲೆ ವಾರ್ನಿಷಿನಲ್ಲಿ ಅದ್ದಬೇಕು. ಮೊದಲ ದಿನ ಸಂಜೆ ಅವಳ ಬೆರಳ ತುದಿಗಳು ಕಪ್ಪಾಗಿ ಊದಿಕೊಂಡಿದ್ದವು. ಅವುಗಳನ್ನು ಕಂಡು ಕೂದಲಪ್ಪ ತಟ್ಟೆ ಬಿಟ್ಟು ಎದ್ದುಹೋದ. ನಾಳೆ ಹೇಳೇಬಿಡುತ್ತೇನೆ ಎಂದುಕೊಂಡ. ಈ ನಾಳೆ ಅನ್ನುವುದಿದೆಯಲ್ಲ, ಇದರಷ್ಟು ಕೆಟ್ಟ ಮಾತು ಇನ್ನೊಂದಿಲ್ಲ. ಪ್ರತಿ ಬೆಳಿಗ್ಗೆ ಮೈಕಿನಮ್ಮನ ಬಾಗಿಲವರೆಗೆ ಹೋಗುತ್ತಿದ್ದ, ಅವರು ತಲೆಯೆತ್ತಿ "ಏನು?" ಅಂದರೆ "ಏನಿಲ್ಲ, ಅಂಟಿನ ಡಬ್ಬಿ ಖಾಲಿಯಾಗಿದೆ," ಅನ್ನುತ್ತಿದ್ದ. ಅಂಟಿನ ಡಬ್ಬಿಗಳು ಮೇಲೆ ಸಾಲಾಗಿ ಸೇರುತ್ತಾ ಹೋದವು.

ಅವಳು ಮೋಟಾರಿನ ಅಂಗಡಿ ಸೇರಿ ಮೂರು ವಾರವಾಗಿತ್ತು. ಒಂದು ಸಂಜೆ ಎಡಗೈಗೆ ಪಟ್ಟಿ ಕಟ್ಟಿಕೊಂಡು ಬಂದಳು. "ಏನಿಲ್ಲ, ಸ್ವಲ್ಪ ಕುಯ್ತು," ಎಂದಳು. ಯಾವ ಬೆರಳು ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಮತ್ತೂ ಆರು ದಿನ ಕಾದ, ಮಹಾರಾಯ. ಏಳನೆಯ ಬೆಳಿಗ್ಗೆ ಅವಳು ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಅಮ್ಮನನ್ನು ಕರೆದದ್ದು ಕಿವಿಗೆ ಬಿತ್ತು. ಅವನು ಚಪ್ಪಲಿ ಮೆಟ್ಟಿ ನೇರ ಮೈಕಿನಮ್ಮನ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿಬಿಟ್ಟ.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಲ್ಲ ಪುಣ್ಯಾತ್ಮ," ಎಂದರು ಮೈಕಿನಮ್ಮ. "ಕೈ ನಡುಗೋದು ನನಗೆ ಗೊತ್ತಿರಲಿಲ್ವಾ? ಕೂದಲು ತಂತಿ ಎರಡು ವರ್ಷದಿಂದ ಅವಳೇ ಸುತ್ತೋದು ಯಾಕೆ ಅಂತ ನನಗೆ ಗೊತ್ತಿರಲಿಲ್ವಾ? ನಾನೂ ಪಾಪಿ, ಆ ಹುಡುಗಿ ಮಾತು ಬಿಟ್ಟು ನಿಮ್ಮ ಮಾತು ನಂಬಿದೆ. ಹೋಗಿ, ಅವಳನ್ನ ಕರ್ಕೊಂಡು ಬನ್ನಿ. ಕಾಲು ಹಿಡ್ಕೊಂಡಾದ್ರೂ ಸರಿ."

ಅವನು ಓಡಿದ. ನಿಜಕ್ಕೂ ಓಡಿದ, ಅರವತ್ತೆರಡರ ವಯಸ್ಸಿನಲ್ಲಿ. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಇನ್ನು ಎಲ್ಲ ಸರಿಹೋಗುತ್ತದೆ ಎನ್ನಿಸಿತ್ತು. ಅಂಗಡಿಯ ಹೊರಗೆ ಕಾದು, ಮಧ್ಯಾಹ್ನದ ಬಿಡುವಿಗೆ ಬಂದ ಮಗಳಿಗೆ "ಅಮ್ಮಾವ್ರು ಕರೀತಿದಾರೆ, ಕೆಲಸ ವಾಪಸ್ ಕೊಡ್ತಾರಂತೆ," ಎಂದಷ್ಟೇ ಹೇಳಿದ. ಅವಳು ಅವನನ್ನು ಒಮ್ಮೆ ನೋಡಿ, ಕೈ ಒರೆಸಿಕೊಂಡು ಹಿಂದೆ ಬಂದಳು.

ಮೈಕಿನಮ್ಮ ಮೇಲೆ ಕಿಟಕಿಯ ಬಳಿ ನಿಂತಿದ್ದರು. "ನನ್ನಿಂದ ತಪ್ಪಾಯ್ತಮ್ಮ," ಎಂದರು. "ಕೂತ್ಕೋ. ಇದು ನಿನ್ನ ಜಾಗ." ಮಗಳು ಕೂತಳು. ಎಡಗೈಯ ಪಟ್ಟಿ ಬಿಚ್ಚಿದಳು. ತೋರುಬೆರಳ ತುದಿಯಲ್ಲಿ, ಮೃದುವಾಗಿದ್ದ ಆ ದಿಂಬಿನ ಮೇಲೆ, ಅಡ್ಡಲಾಗಿ ಐದು ಹೊಲಿಗೆ. ಉಕ್ಕಿನ ಸಂದಿನ ಅಂಚು ಕತ್ತಿಯಂತೆ ಕುಯ್ದಿತ್ತು. ಅವಳು ಅದನ್ನು ಲೆಕ್ಕಿಸದೆ ತಂತಿಯ ತುದಿಯನ್ನು ಬಾಬಿನ್ನಿಗೆ ಸಿಕ್ಕಿಸಿ ಹಿಡಿಕೆ ತಿರುಗಿಸಿದಳು.

ಮೂವತ್ತೆಂಟನೆಯ ಸುತ್ತಿಗೆ ತಂತಿ ತುಂಡಾಯಿತು. ಮತ್ತೆ ಸಿಕ್ಕಿಸಿದಳು. ಹನ್ನೊಂದಕ್ಕೆ ತುಂಡಾಯಿತು. "ನಡುಬೆರಳಲ್ಲಿ ಹಿಡಿದು ನೋಡಮ್ಮ," ಎಂದರು ಮೈಕಿನಮ್ಮ. ನೋಡಿದಳು. ಸುತ್ತುಗಳು ಒಂದರ ಮೇಲೊಂದು ಹತ್ತಿ ಗೋಜಲಾದವು. ಇನ್ನೊಮ್ಮೆ ತೋರುಬೆರಳಿಗೇ ಬಂದು, ಕಣ್ಣು ಮುಚ್ಚಿ ತಿರುಗಿಸಿದಳು. ಆರು ಸುತ್ತಿನ ಹಿಂದೆಯೇ ತಂತಿ ಹರಿದುಹೋಗಿದ್ದರೂ ತಿಳಿಯದೆ ಬರಿಯ ಬಾಬಿನ್ನನ್ನು ತಿರುಗಿಸುತ್ತಲೇ ಇದ್ದಳು. ಮೈಕಿನಮ್ಮ ಅವಳ ಕೈ ಹಿಡಿದು ನಿಲ್ಲಿಸಿದರು.

"ಗೊತ್ತಾಗ್ತಾ ಇಲ್ಲಮ್ಮ," ಎಂದಳು. "ತಂತಿ ಇದೆಯೋ ಇಲ್ವೋ ಅಂತಾನೇ ಗೊತ್ತಾಗ್ತಾ ಇಲ್ಲ. ನರ ಕುಯ್ದಿದೆ, ಗಾಯ ಮಾಯುತ್ತೆ, ಸ್ಪರ್ಶ ಬರಲ್ಲ ಅಂತ ಡಾಕ್ಟರು ಅವತ್ತೇ ಹೇಳಿದ್ರು. ಆದ್ರೂ ಒಂದು ಸಲ ನೋಡೋಣ ಅಂತ ಬಂದೆ."

ಮೈಕಿನಮ್ಮ ಅವಳ ತಲೆಯ ಮೇಲೆ ಕೈಯಿಟ್ಟು ಕೆಳಗಿಳಿದು ಹೋದರು. ಕೂದಲಪ್ಪ ಗೋಡೆ ಹಿಡಿದುಕೊಂಡು ನಿಂತಿದ್ದ.

"ಪುಟ್ಟಿ, ಆ ತಗಡು... ಅವತ್ತು ನಾನು..."

"ಗೊತ್ತಪ್ಪ."

"ಅಮ್ಮಾವ್ರು ಹೇಳಿದ್ರಾ?"

"ಯಾರೂ ಹೇಳಬೇಕಾಗಿರಲಿಲ್ಲ. ರೀಲು ತಗೊಂಡು ಮೇಲೆ ಬಂದಾಗ ಬಾಗಿಲ ಹತ್ರ ನಿಂತು ನೋಡಿದ್ದೆ. ನೀನು ಮಂಡಿಯೂರಿ ಕೂತು ಒಂದೊಂದೇ ತಗಡನ್ನ ಊದಿ ಒರೆಸ್ತಿದ್ದೆ. ನಾನು ಸದ್ದು ಮಾಡದೆ ಕೆಳಗಿಳಿದು, ಆಮೇಲೆ ಬಂದೆ."

ಅವನು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ. "ಗೊತ್ತಿದ್ದೂ ಯಾಕಮ್ಮ ಸುತ್ತಿದೆ? ಯಾಕೆ ಹೇಳಲಿಲ್ಲ?"

"ನಾನು ಹೇಳಿದ್ರೆ ನೀನು ಮುಚ್ಚಿಟ್ಟೋನು ಆಗ್ತಿದ್ದೆ. ನೀನೇ ಹೇಳಿದ್ರೆ ಬರೀ ಕೈತಪ್ಪಿದೋನು." ಅವಳು ಪಟ್ಟಿಯನ್ನು ಮತ್ತೆ ಸುತ್ತಿಕೊಳ್ಳುತ್ತಿದ್ದಳು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿದಳು. "ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಹನ್ನೊಂದು ದಿನ ಸುತ್ತಿದೆ. ಕೆಳಗೆ ಅವರು ಕೇಳಿದಾಗ್ಲೂ, ಈಗಂತೂ ಹೇಳ್ತಾನೆ ಅಂತ ನಿನ್ನ ಮುಖಾನೇ ನೋಡ್ತಿದ್ದೆ. ಮೋಟಾರಿನ ಅಂಗಡೀಲೂ ದಿನಾ ಮಧ್ಯಾಹ್ನ ಬಾಗಿಲ ಕಡೆ ನೋಡ್ತಿದ್ದೆ ಅಪ್ಪ. ಕೈ ಕುಯ್ದ ದಿನದ ತನಕ ನೋಡಿದೆ."

"ನನ್ನನ್ನ ಬೈಯಮ್ಮ. ಹೊಡಿ ಬೇಕಾದ್ರೆ."

"ಬೈದು ಏನು ಬರುತ್ತೆ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಗೋಡೆಯ ಗಡಿಯಾರ ನೋಡಿ ಎದ್ದು, ಸ್ಟೂಲನ್ನು ಮೇಜಿನ ಕೆಳಗೆ ತಳ್ಳಿದಳು. "ಎರಡೂವರೆಗೆ ಒಂದು ದೊಡ್ಡ ಮೋಟಾರು ಬರುತ್ತೆ. ಹೋಗ್ಬೇಕು."

"ಈ ಕೈಯಲ್ಲಾ? ಅಲ್ಲಿಗೇ ಹೋಗ್ತೀಯಾ?"

"ಅಲ್ಲಿ ಬೆರಳಿಗೆ ಏನೂ ಗೊತ್ತಾಗಬೇಕಾಗಿಲ್ಲ," ಎಂದು ಅವಳು ಮೆಟ್ಟಿಲಿಳಿದಳು.